ಬೆಂಚಿನ ಮೇಲಿನ ಸಹಿ

ಆಸ್ಪತ್ರೆ ಯಾವುದು ಎಂದು ನಾನು ಹೇಳುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ಊರಿನ ಹೆಂಗಸರು ಬಸ್ಸಿಳಿದು ನಡೆದು ಬರಬಹುದಾದ ಜಾಗದಲ್ಲಿತ್ತು ಎಂದುಕೊಳ್ಳಿ, ಸಾಕು. ಒಂದು ಟ್ರಸ್ಟಿನವರು ನಡೆಸುತ್ತಿದ್ದ ಹಳೆಯ ಹೆರಿಗೆ ಆಸ್ಪತ್ರೆ. 2009ರಲ್ಲಿ ನಾನು ಅಲ್ಲಿ ಮುಖ್ಯ ವೈದ್ಯೆ. ಮುಖ್ಯ ಅಂದರೆ ಇದ್ದವಳೇ ನಾನೊಬ್ಬಳು.

ಹೆಂಗಸರ ಹೆಸರನ್ನೂ ಹೇಳುವುದಿಲ್ಲ. ಇದು ನನ್ನ ದೊಡ್ಡತನವಲ್ಲ, ಕಾನೂನೇ ಹಾಗಿದೆ. ಗರ್ಭಪಾತ ಮಾಡಿಸಿಕೊಳ್ಳುವವಳ ಹೆಸರು ಆಸ್ಪತ್ರೆಯ ಒಂದೇ ಒಂದು ರಿಜಿಸ್ಟರಿನಲ್ಲಿ ಇರಬೇಕು. ಕೇಸ್ ಶೀಟಿನಲ್ಲಿ, ಥಿಯೇಟರಿನ ಪುಸ್ತಕದಲ್ಲಿ, ಔಷಧದ ಚೀಟಿಯಲ್ಲಿ, ಉಳಿದೆಲ್ಲ ಕಡೆ ಬರೀ ನಂಬರು. ಅವಳ ಒಪ್ಪಿಗೆ ಪತ್ರವನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಮೇಲೆ ‘ರಹಸ್ಯ’ ಎಂದು ಬರೆದು ಬೀರುವಿನಲ್ಲಿ ಇಡಬೇಕು. ಬೀರುವಿನ ಬೀಗದ ಕೈ ಮುಖ್ಯ ವೈದ್ಯರ ಹತ್ತಿರ. ಗೊತ್ತುಮಾಡಿದ ವರ್ಷಗಳಾದ ಮೇಲೆ ಅದನ್ನೆಲ್ಲ ನಾಶ ಮಾಡಬೇಕು. ಆ ವರ್ಷದ ರಿಜಿಸ್ಟರಿನಲ್ಲಿ ಮೂವತ್ತೊಂದನೆಯವಳಾಗಿ ಬಂದ ಹೆಂಗಸನ್ನು ನಾನು ಈಗಲೂ ಮನಸ್ಸಿನಲ್ಲಿ ಮೂವತ್ತೊಂದು ಅಂತಲೇ ಕರೆಯುತ್ತೇನೆ.

ಅವಳು ಬಂದದ್ದು ಒಂದು ಸೋಮವಾರ. ರೇಷ್ಮೆ ರೀಲಿಂಗ್ ಮಾಡುವವಳು ಎಂದು ಕೈ ನೋಡಿದ ಕೂಡಲೇ ಗೊತ್ತಾಯಿತು, ಬಿಸಿನೀರಿನಲ್ಲಿ ಬೆಂದು ಬೆರಳ ತುದಿಯೆಲ್ಲ ಬಿಳುಚಿಕೊಂಡಿತ್ತು. ಕೈಯಲ್ಲಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಪತ್ರ. ಹೃದಯದ ಎಡಗಡೆಯ ವಾಲ್ವು ಕಿರಿದಾಗಿದೆ, ಎರಡನೇ ಹೆರಿಗೆಯಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ ಉಳಿದದ್ದೇ ಹೆಚ್ಚು, ಇನ್ನೊಂದು ಗರ್ಭ ಜೀವಕ್ಕೆ ಅಪಾಯ, ಮೊದಲು ಗರ್ಭ ತೆಗೆದು ಆಮೇಲೆ ವಾಲ್ವಿನ ಚಿಕಿತ್ಸೆಗೆ ಕಳಿಸಿ ಎಂದಿತ್ತು. ಪರೀಕ್ಷೆ ಮಾಡಿದೆ. ಬುಧವಾರಕ್ಕೆ ಹನ್ನೊಂದು ವಾರ ತುಂಬುತ್ತಿತ್ತು. ಹನ್ನೆರಡು ದಾಟಿದರೆ ಕಾನೂನಿನ ಪ್ರಕಾರ ಇಬ್ಬರು ಡಾಕ್ಟರ ಅಭಿಪ್ರಾಯ ಬೇಕು, ನಮ್ಮಲ್ಲಿ ಇದ್ದವಳು ನಾನೊಬ್ಬಳೇ. ಅದಕ್ಕಿಂತ ಹೆಚ್ಚಾಗಿ, ವಾರ ಕಳೆದಂತೆ ರಕ್ತದ ಪ್ರಮಾಣ ಏರುತ್ತದೆ, ಆ ಕಿರಿದಾದ ಬಾಗಿಲಿನಲ್ಲಿ ಅದು ಹಾಯಲಾರದು. ಅವಳಿಗೆ ಮೆಟ್ಟಿಲು ಹತ್ತುವಾಗಲೇ ಉಸಿರು ಸಿಗುತ್ತಿರಲಿಲ್ಲ.

“ಈ ಬುಧವಾರವೇ ಮಾಡೋಣ. ಅವತ್ತು ಅರಿವಳಿಕೆ ಡಾಕ್ಟ್ರು ಬರ್ತಾರೆ,” ಎಂದು ಒಪ್ಪಿಗೆ ಪತ್ರ ಕೈಗೆ ಕೊಟ್ಟೆ. “ಕೆಳಗಡೆ ನಿನ್ನ ಗಂಡನ ಸಹಿ ಬೇಕು.”

“ಅವ್ರು ಬೋರ್‌ವೆಲ್ ಗಾಡಿ ಮೇಲೆ ಹೋಗಿದ್ದಾರಮ್ಮ. ಆಂಧ್ರದಾಗೆ ಎಲ್ಲೋ ಅವ್ರೆ. ಫೋನ್ ಮಾಡಿದ್ರೆ, ಬಂದ್ಮೇಲೆ ನೋಡಣ ಅಂತಾರೆ.”

“ಯಾವಾಗ ಬರ್ತಾರೆ?”

“ಅದೇ ಹೇಳಲ್ಲ. ಬೆಂಗ್ಳೂರಾಗೂ ಇದೇ ಕೇಳಿದ್ರು, ಅದಕ್ಕೇ ಇಲ್ಲಿಗೆ ಬಂದೆ.”

ಸಹಿ ಇಲ್ಲದೆ ಆಗುವುದಿಲ್ಲ ಎಂದೆ. ಬೇಕೆಂದು ಕಾಡಿದ್ದಲ್ಲ. ಆ ಗೆರೆ ನಮ್ಮ ಅಚ್ಚು ಹಾಕಿಸಿದ ಫಾರಂನಲ್ಲಿ ಇತ್ತು, ನನಗಿಂತ ಮೊದಲಿದ್ದವರೂ ಕೇಳುತ್ತಿದ್ದರು, ನಾನೂ ಕೇಳುತ್ತಿದ್ದೆ. ರಕ್ತಪರೀಕ್ಷೆಗೆ ಹೋಗು ಎಂದು ಕಳಿಸಿದೆ. ಮುಕ್ಕಾಲು ಗಂಟೆಯ ಮೇಲೆ ಅವಳು ವಾಪಸು ಬಂದು ಫಾರಂ ಮೇಜಿನ ಮೇಲಿಟ್ಟಳು. ಕೆಳಗಡೆ ಗಂಡನ ಹೆಸರಿನಲ್ಲಿ ಸಹಿ ಬಿದ್ದಿತ್ತು.

“ಏನು, ಗಂಡ ಆಂಧ್ರದಿಂದ ಹಾರಿಕೊಂಡು ಬಂದ್ರಾ?”

ಅವಳು ನಗಲಿಲ್ಲ. “ಸಹಿ ಆಯ್ತಲ್ಲಮ್ಮ,” ಅಂದಳು. ಹೊರಗಡೆ ಇನ್ನೂ ಹದಿನೈದು ಜನ ಕಾದಿದ್ದರು. ಯಾರೋ ಮೈದುನನೋ ಭಾವನೋ ಬರೆದಿರಬೇಕು ಎಂದುಕೊಂಡು ಸುಮ್ಮನಾದೆ. ರಿಜಿಸ್ಟರಿನಲ್ಲಿ ಬರೆದು ನಂಬರು ಕೊಟ್ಟೆ.

ಮಾರನೆಯ ದಿನ ಮಂಗಳವಾರ ಹೊರರೋಗಿಗಳು ಕಡಿಮೆ. ಜಿಲ್ಲಾ ಕಚೇರಿಯಿಂದ ತಪಾಸಣೆಗೆ ಬರುತ್ತಾರೆ ಎಂದು ಪತ್ರ ಬಂದಿತ್ತು. ಅವಧಿ ಮುಗಿದ ಲಕೋಟೆಗಳನ್ನು ನನಗಿಂತ ಹಿಂದಿನವರು ಯಾರೂ ಸುಟ್ಟಿರಲಿಲ್ಲ. ಬೀರುವನ್ನು ಖಾಲಿ ಮಾಡೋಣ ಎಂದು ಮಧ್ಯಾಹ್ನ ಊಟವಾದ ಮೇಲೆ ದಾಖಲೆ ಕೋಣೆಗೆ ಹೋದೆ. ಕರೆಂಟು ಹೋಗಿತ್ತು. ಮೇಲಿನ ಗವಾಕ್ಷಿಯಿಂದ ಒಂದು ಚೌಕ ಬಿಸಿಲು ಮಾತ್ರ ನೆಲದ ಮೇಲಿತ್ತು.

ಕೆಳಗಿನ ಅರೆಗಳಿಗೆ ಗೆದ್ದಲು ಹಿಡಿದಿತ್ತು. ಗೆದ್ದಲಿಗೆ ಕಾಗದಕ್ಕಿಂತ ಅಂಟು ರುಚಿ ಅಂತ ಕಾಣುತ್ತದೆ, ಲಕೋಟೆಗಳ ಮಡಿಕೆಯನ್ನೆಲ್ಲ ತಿಂದು ಹಾಕಿತ್ತು. ಎತ್ತಿದ ಕೂಡಲೇ ಅರಗು ಪುಡಿಪುಡಿಯಾಗಿ ಉದುರಿ, ಒಳಗಿನ ಒಪ್ಪಿಗೆ ಪತ್ರಗಳು ಮಡಿಲಿಗೆ ಬಿದ್ದವು. ಓದಬಾರದೆಂದೇ ಇದ್ದೆ. ಆದರೆ ಒಂದು ಪತ್ರದ ಕೆಳಗಿನ ಸಹಿ ಕಣ್ಣಿಗೆ ಬಿತ್ತು. ಹೆಸರಿನ ಕೆಳಗೆ ಒಂದು ಅಡ್ಡಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಇನ್ನೊಂದನ್ನು ನೋಡಿದೆ. ಹೆಸರು ಬೇರೆ, ವರ್ಷ ಬೇರೆ, ಕೆಳಗೆ ಅದೇ ಗೆರೆ, ಅದೇ ಎರಡು ಚುಕ್ಕೆ. ಮತ್ತೊಂದು, ಮತ್ತೊಂದು. ಕುಳಿತಲ್ಲೇ ನೆಲದ ಮೇಲೆ ಹರಡಿಕೊಂಡು ನೋಡಿದೆ. ಎಲ್ಲದರಲ್ಲೂ ಅಂತಲ್ಲ. ಆದರೆ ಎಪ್ಪತ್ತರ ದಶಕದ ಹಳದಿ ಕಾಗದದಿಂದ ಹಿಡಿದು ಹೋದ ವರ್ಷದ ಬಿಳಿ ಕಾಗದದ ತನಕ, ಬೇರೆ ಬೇರೆ ಹೆಂಗಸರ ಬೇರೆ ಬೇರೆ ಗಂಡಂದಿರು ಒಂದೇ ಕೈಯಲ್ಲಿ ಸಹಿ ಹಾಕಿದ್ದರು.

ಇಷ್ಟು ವರ್ಷ ಇದು ಯಾರಿಗೂ ಕಾಣದೆ ಹೇಗೆ ಇತ್ತು ಎಂದರೆ, ಒಂದು ಪತ್ರದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದವರೇ ಇಲ್ಲ. ಪ್ರತಿಯೊಂದಕ್ಕೂ ಅದರದರ ಲಕೋಟೆ, ಅದರದರ ಅರಗು. ರಹಸ್ಯ ಕಾಪಾಡುವ ಕಾನೂನೇ ಇದನ್ನೂ ಕಾಪಾಡಿತ್ತು.

ಆ ಗೆರೆ, ಆ ಚುಕ್ಕೆ ನಾನು ಎಲ್ಲೋ ದಿನಾ ನೋಡುತ್ತಿದ್ದೇನೆ ಅನ್ನಿಸಿತು. ಬಾಗಿಲು ಹಾಕಿಕೊಂಡು ಹೊರಗೆ ಬಂದೆ. ಹೆರಿಗೆ ಕೋಣೆಯ ಬಾಗಿಲ ಮೇಲೆ ಮರದ ಹಲಗೆ, ಅದರ ಮೇಲೆ ನೀಲಿ ಬಣ್ಣದಲ್ಲಿ ‘ಗಂಡಸರು ಒಳಗೆ ಬರಬಾರದು’. ಅಕ್ಷರಗಳ ಕೆಳಗೆ ಅಡ್ಡಗೆರೆ. ಗೆರೆಯ ಕೆಳಗೆ ಎರಡು ಚುಕ್ಕೆ.

ಆ ಹಲಗೆ ಬರೆದವರು ಯಾರು ಎಂದು ಹಳೆಯ ನರ್ಸಮ್ಮನನ್ನು ಕೇಳಿದೆ.

“ಬೆಂಚ್ ತಾತ ಮೇಡಂ. ಇಲ್ಲಿ ಜವಾನರಾಗಿದ್ರಲ್ಲ. ಕಾರಿಡಾರ್ ಕೊನೆ ಬೆಂಚ್ ಮೇಲೇ ಕೂತಿರೋರು, ಅದಕ್ಕೇ ಆ ಹೆಸರು. ನಮ್ಮ ವಾರ್ಡ್ ಆಯಮ್ಮನ ಯಜಮಾನ್ರು.”

“ಈಗೆಲ್ಲಿದ್ದಾರೆ?”

“ಅಯ್ಯೋ, ಅವ್ರು ತೀರ್ಕೊಂಡು ಎಂಟು ವರ್ಷದ ಮೇಲಾಯ್ತು.”

ಕೋಣೆಗೆ ಬಂದು ಮೂವತ್ತೊಂದರ ಫಾರಂ ತೆಗೆದೆ. ನಿನ್ನೆಯ ತಾರೀಖು. ಗಂಡನ ಹೆಸರು. ಕೆಳಗೆ ಗೆರೆ, ಎರಡು ಚುಕ್ಕೆ.

ಆ ಬೆಂಚನ್ನು ನಾನು ದಿನಾ ದಾಟಿಕೊಂಡು ಹೋಗುತ್ತಿದ್ದೆ. ಸಂತೆಯಷ್ಟು ಜನ ಇದ್ದ ದಿನವೂ ಅದರ ಎಡಗಡೆಯ ತುದಿ ಖಾಲಿ ಇರುತ್ತಿತ್ತು. ಬಸುರಿಯರು ಗೋಡೆಗೆ ಒರಗಿ ನಿಲ್ಲುತ್ತಿದ್ದರೇ ಹೊರತು ಅಲ್ಲಿ ಕೂರುತ್ತಿರಲಿಲ್ಲ. ಬೆಂಚಿನ ಕಾಲು ಅಲ್ಲಾಡುತ್ತದೇನೋ ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಅವತ್ತು ಸಂಜೆ ಹೋಗಿ ಅಲ್ಲಾಡಿಸಿ ನೋಡಿದೆ. ಗಟ್ಟಿಯಾಗಿತ್ತು.

ನನಗೆ ಮೊದಲಿಂದಲೂ ಮುಂಗೋಪ, ಹೆದರಿಕೆಯಾದರೆ ಅದು ಇನ್ನೂ ಹೆಚ್ಚು. ಬುಧವಾರ ಬೆಳಿಗ್ಗೆ ಮೂವತ್ತೊಂದು ಖಾಲಿ ಹೊಟ್ಟೆಯಲ್ಲಿ, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡು ಬಂದಳು. ಫಾರಂ ಅವಳ ಮುಂದೆ ಹಿಡಿದೆ.

“ಇದು ಯಾರು ಹಾಕಿದ್ದು? ನಿಜ ಹೇಳು.”

ಅವಳು ನೆಲ ನೋಡಿದಳು. “ನಂಗೊತ್ತಿಲ್ಲಮ್ಮ. ನಾವು ನೂಲು ತೆಗ್ಯೋ ಫಿಲೇಚರ್‌ನಾಗೆ ಎಲ್ರೂ ಹೇಳ್ತಾರೆ. ಯಜಮಾನ್ರು ಇಲ್ದೋರು ಕಾಗದಾನ ಬೆಂಚ್ ಮೇಲೆ ಆ ಖಾಲಿ ಜಾಗದಾಗೆ ಇಟ್ಟು, ತಿರುಗಿ ನೋಡ್ದಂಗೆ ಹೋಗ್ಬೇಕು ಅಂತ. ಬಂದು ನೋಡೋ ಹೊತ್ಗೆ ತಾತ ಹಾಕಿರ್ತಾರೆ ಅಂತ.”

“ತಾತ ಸತ್ತಿದ್ದಾರೆ ಕಣಮ್ಮ.”

“ಗೊತ್ತಮ್ಮ,” ಅಂದಳು. ಇದರಲ್ಲೇನು ವಿಶೇಷ ಅನ್ನುವ ಹಾಗೆ.

ಸುಳ್ಳು ಸಹಿಯ ಮೇಲೆ ಕತ್ತಿ ಹಿಡಿಯುವುದಿಲ್ಲ ಎಂದು ಕೂಗಾಡಿದೆ. ಫಾರಂ ಮೇಲೆ ಉದ್ದಕ್ಕೆ ಗೀಟು ಹೊಡೆದು, ನಿಜವಾದ ಸಹಿ ತಗೊಂಡು ಬಾ ಎಂದು ಹೊಸದೊಂದನ್ನು ಕೈಗೆ ಕೊಟ್ಟು ಕಳಿಸಿದೆ. ಅವಳು ಫಾರಂ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು ಹೊರಟಳು. ಗೇಟಿನ ತನಕ ಹೋಗುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತಗೊಂಡಳು. ಅರಿವಳಿಕೆ ಡಾಕ್ಟರು ಕಾಫಿ ಕುಡಿದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರು.

ಗುರುವಾರ ಮಧ್ಯಾಹ್ನ ನಾನು ಒಂದು ಪರೀಕ್ಷೆ ಮಾಡಿದೆ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ. ಒಂದು ಫಾರಂ ಮೇಲೆ ಇಲ್ಲದ ಹೆಂಗಸಿನ ಹೆಸರು, ಇಲ್ಲದ ಗಂಡನ ಹೆಸರು ಬರೆದು, ಯಾರೂ ಇಲ್ಲದಾಗ ಬೆಂಚಿನ ಎಡತುದಿಯಲ್ಲಿಟ್ಟು, ಎದುರಿನ ಉಗ್ರಾಣದ ಬಾಗಿಲ ಸಂದಿಯಿಂದ ನೋಡುತ್ತ ನಿಂತೆ. ಕಾರಿಡಾರಿನಲ್ಲಿ ನೊಣದ ಸದ್ದು ಬಿಟ್ಟರೆ ಬೇರೆ ಇಲ್ಲ. ಕಾಗದ ಗಾಳಿಗೆ ಒಂದು ಸಲ ಎದ್ದು ಮತ್ತೆ ಮಲಗಿತು. ಹತ್ತು ನಿಮಿಷ, ಹದಿನೈದು ನಿಮಿಷ. ಯಾರೂ ಬರಲಿಲ್ಲ. ಅಷ್ಟರಲ್ಲಿ ವಾರ್ಡಿನಲ್ಲಿ ಯಾರಿಗೋ ನೋವು ಜಾಸ್ತಿಯಾಗಿ ನರ್ಸು ಕರೆದಳು. ಹೋಗಿ ನೋಡಿ, ಕೈ ತೊಳೆದುಕೊಂಡು ಬಂದೆ. ಐದು ನಿಮಿಷವೂ ಆಗಿರಲಾರದು.

ಫಾರಂ ಅಲ್ಲೇ ಇತ್ತು. ಇಲ್ಲದ ಗಂಡನ ಸಹಿ ಬಿದ್ದಿತ್ತು. ಮುಟ್ಟಿದರೆ ಇಂಕು ಬೆರಳಿಗೆ ಹತ್ತಿತು. ಸುತ್ತ ಯಾರೂ ಇರಲಿಲ್ಲ. ಎಲ್ಲಿಂದಲೋ ಬೀಡಿಯ ವಾಸನೆ ಬರುತ್ತಿತ್ತು. ನಾನು ವಿಜ್ಞಾನ ಓದಿದವಳು, ಹೆಣ ಕೊಯ್ದು ಕಲಿತವಳು. ಆದರೂ ಬೇಗಬೇಗ ನಡೆದು ಕೋಣೆ ಸೇರಿಕೊಂಡೆ.

ಸ್ವಲ್ಪ ಹೊತ್ತಿಗೆ ವಾರ್ಡಿನ ಆಯಮ್ಮ ಎಂದಿನಂತೆ ಟೀ ತಂದಿಟ್ಟಳು. ಅರವತ್ತು ದಾಟಿದವಳು, ಮಾತು ಕಡಿಮೆ. ಲೋಟ ಇಡುವಾಗ ಅವಳ ನಡುಬೆರಳ ಪಕ್ಕದಲ್ಲಿ ನೀಲಿ ಕಲೆ ಕಂಡಿತು. ದಿನವಿಡೀ ಫಿನಾಯಿಲ್ ನೀರಿನಲ್ಲಿ ಆಡುವ ಕೈಗೆ ಇಂಕು ಎಲ್ಲಿಂದ ಬರಬೇಕು?

“ಆಯಮ್ಮ, ಬಾಗಿಲು ಹಾಕು. ಕೂತ್ಕೊ,” ಎಂದೆ.

ಅವಳಿಗೆ ಗೊತ್ತಾಯಿತು. ಕುರ್ಚಿಯಲ್ಲಿ ಕೂರಲಿಲ್ಲ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಸೆರಗಿನ ಗಂಟಿನಿಂದ ಒಂದು ಹಳೆಯ ಇಂಕು ಪೆನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಪೆನ್ನಿನ ಜೊತೆಗೇ ಅರ್ಧ ಸುಟ್ಟ ಬೀಡಿಯೂ ಇತ್ತು.

“ಅವ್ರದೇ ಪೆನ್ನಮ್ಮ. ಬೀಡಿ ನಂದು. ಅವ್ರು ಹೋದ್ಮೇಲೆ ಅಭ್ಯಾಸ ಆಯ್ತು.”

“ಯಾಕಮ್ಮ ಮಾಡ್ದೆ ಇದನ್ನ?”

“ಅವ್ರು ಮಾಡ್ತಿದ್ರು, ನಾನೂ ಮಾಡ್ದೆ. ನಂಗೆ ಅಕ್ಷರ ಕಲಿಸಿದ್ದೇ ಅವ್ರು. ಬೇರೆ ತರ ಬರಿಯಾಕೆ ನಂಗೆ ಬರಲ್ಲ.”

ಆಮೇಲೆ ಅವಳೇ ಹೇಳಿದಳು. ಗರ್ಭಪಾತದ ಕಾಯ್ದೆ ಬಂದ ಹೊಸತು. ಆಗಿನ ಟ್ರಸ್ಟಿನ ಕಾರ್ಯದರ್ಶಿ, ನಾಳೆ ಯಾವ ಗಂಡನಾದರೂ ಬಂದು ಜಗಳ ತೆಗೆದರೆ ಏನು ಗತಿ ಎಂದು, ಅಚ್ಚು ಹಾಕಿಸುವಾಗ ಫಾರಂ ಕೆಳಗೆ ಗಂಡನ ಸಹಿಯ ಗೆರೆ ಸೇರಿಸಿದರು. ಒಬ್ಬಳು ಹುಡುಗಿ ಬಂದಳು. ಗಂಡ ಬಿಟ್ಟುಹೋಗಿದ್ದ. ಸಹಿ ತಗೊಂಡು ಬಾ ಎಂದು ವಾಪಸು ಕಳಿಸಿದರು. ಆರನೇ ದಿನ ಅವಳನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ತಂದರು. ಬಸಿರು ಇಳಿಸಲು ಯಾರ ಹತ್ತಿರವೋ ಕಡ್ಡಿ ಹಾಕಿಸಿಕೊಂಡಿದ್ದಳು. ಸ್ಟ್ರೆಚರ್ ಖಾಲಿ ಇರಲಿಲ್ಲ. ಬೆಂಚಿನ ಮೇಲೆ ಮಲಗಿಸಿದರು.

“ನಮ್ಮೋರು ಅವ್ಳ ತಲೆ ಹತ್ರ ನಿಂತಿದ್ರು. ಅಣ್ಣಾ, ಸಹಿ ಸಿಗ್ಲಿಲ್ಲ ಅಂದ್ಳಂತೆ. ಅಷ್ಟೇ. ಡಾಕ್ಟ್ರು ಬರೋವಷ್ಟರಲ್ಲಿ ಮುಗೀತು. ಪಾಪಂ, ಚಿನ್ನ ಪಿಲ್ಲ, ಚಿಕ್ಕ ಹುಡ್ಗಿ.” ಆಯಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. “ಅವತ್ತಿಂದ ಗಂಡ ಇಲ್ಲಿಲ್ಲ ಅಂತ ಯಾರು ಬಂದ್ರೂ ನಮ್ಮೋರು ಹಾಕ್ಬಿಡೋರು. ಒಂದು ಎಲೆ ಅಡ್ಕೆನೂ ಇಸ್ಕೊಂಡಿಲ್ಲ ಯಾರತ್ರಾನೂ. ಎಲ್ರೂ ತಿಳ್ಕೊಂಡವ್ರೆ, ಆ ಖಾಲಿ ಜಾಗ ತಾತಂದು ಅಂತ. ಅಲ್ಲಮ್ಮ. ಅದು ಆ ಹುಡುಗಿ ತಲೆ ಇಟ್ಟಿದ್ದ ಜಾಗ. ಅದಕ್ಕೇ ಅವ್ರು ಅಲ್ಲಿ ಯಾರನ್ನೂ ಕೂರಾಕೆ ಬಿಡ್ತಿರ್ಲಿಲ್ಲ.”

ನನಗೆ ಆಗ ಹೊಳೆದದ್ದು ಆ ಹಳೆಯ ಹುಡುಗಿಯಲ್ಲ. ಗೇಟಿನ ಹತ್ತಿರ ಎರಡು ಸಲ ನಿಂತು ಉಸಿರು ತಗೊಂಡವಳು.

“ನೆನ್ನೆ ಕಳ್ಸಿದ್ರಲ್ಲ, ಅವ್ಳನ್ನೂ ಹಂಗೇ ಕಳ್ಸಿದ್ರಿ,” ಅಂದಳು ಆಯಮ್ಮ. ಬೈಯುವ ದನಿಯಲ್ಲಿ ಅಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ರಿಜಿಸ್ಟರಿನಲ್ಲಿ ವಿಳಾಸ ಇತ್ತು. ಆದರೆ ಹುಡುಕುವುದು ಹೇಗೆ? ಆಸ್ಪತ್ರೆಯ ಜೀಪು ಬೀದಿಗೆ ಹೋಗಿ ಇಂಥವಳ ಮನೆ ಎಲ್ಲಿ ಎಂದು ಕೇಳಿದರೆ ಇಡೀ ಕೇರಿಗೆ ಸಂಗತಿ ಗೊತ್ತಾಗುತ್ತದೆ. ಅತ್ತೆಗೆ ಅವಳು ಇಲ್ಲಿಗೆ ಬಂದದ್ದೇ ತಿಳಿಯದು. ಆಯಮ್ಮ, “ನಾನು ಹೋಗ್ತೀನಿ ಬಿಡಿ, ನಂಟಸ್ತಿ ನೆಪ ಹೇಳ್ಕೊಂಡು ಹೋಗಾಕೆ ನಂಗೆ ಬರ್ತದೆ,” ಎಂದು ಅವತ್ತೇ ಸಂಜೆಯ ಬಸ್ಸು ಹತ್ತಿದಳು.

ಶುಕ್ರವಾರ ನಾನು ಚಿಕ್ಕಬಳ್ಳಾಪುರಕ್ಕೆ ಹೋದೆ. ಅಲ್ಲಿ ನನಗೆ ಪರಿಚಯದ ಒಬ್ಬರು ವಕೀಲೆ, ನ್ಯಾಯಾಲಯದ ಹಿಂದಿನ ಓಣಿಯಲ್ಲಿ ಕಚೇರಿ. ಸಹಿಯ ಕತೆ ಹೇಳಲಿಲ್ಲ. ಹೃದಯದ ಕಾಯಿಲೆಯವಳೊಬ್ಬಳು ಬಂದಿದ್ದಾಳೆ, ಗಂಡ ಸಹಿ ಹಾಕದಿದ್ದರೆ ಕೋರ್ಟಿಗೆ ಹೋಗಿ ಅನುಮತಿ ತರಬಹುದಾ, ಎಷ್ಟು ದಿನ ಆಗುತ್ತದೆ ಎಂದು ಮಾತ್ರ ಕೇಳಿದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಯಾವ ಅನುಮತಿ ಡಾಕ್ಟ್ರೇ? ಕೋರ್ಟಿಗೆ ಹೋದ್ರೆ, ಬೇಡದ ಅನುಮತಿನ ನೀವೇ ಬೇಕು ಅಂತ ಮಾಡಿದ ಹಾಗಾಗುತ್ತೆ. ಕಾಯ್ದೆ ಓದಿದ್ದೀರಾ?”

ಓದಿದ್ದೇನೆ ಎಂದೆ. ಪರೀಕ್ಷೆಗೆ ಓದಿದ್ದೆ, ಅದು ಸುಳ್ಳಲ್ಲ. ಅವರು ಒಂದು ತೆಳು ಪುಸ್ತಕ ತೆಗೆದು ಮೂರನೇ ಕಲಮಿನ ನಾಲ್ಕನೇ ಉಪಕಲಮನ್ನು ಬೆರಳಿಟ್ಟು ತೋರಿಸಿದರು. ಹದಿನೆಂಟು ತುಂಬದವಳಿಗೆ, ಮಾನಸಿಕ ಕಾಯಿಲೆ ಇರುವವಳಿಗೆ ಪೋಷಕರ ಒಪ್ಪಿಗೆ. ಉಳಿದವರಿಗೆ ಗರ್ಭಿಣಿಯ ಒಪ್ಪಿಗೆ. ಅಷ್ಟೇ. ಗಂಡ ಎಂಬ ಮಾತು ಅಲ್ಲಿ ಎಲ್ಲೂ ಇಲ್ಲ. ನಿಯಮದ ಜೊತೆಗಿರುವ ಒಪ್ಪಿಗೆಯ ಸಿ ಫಾರಂನಲ್ಲೂ ಒಂದೇ ಸಹಿಗೆ ಜಾಗ.

“ಎಪ್ಪತ್ತೊಂದಕ್ಕೆ ಮೊದಲು ಇದು ದಂಡಸಂಹಿತೆಯ ಅಪರಾಧ, ಅವಳಿಗೂ ಜೈಲು, ನಿಮಗೂ ಜೈಲು. ಈ ಕಾಯ್ದೆ ಬಂದು ಹೆಣ್ಣಿಗೆ ಹಕ್ಕು ಕೊಡ್ತು ಅಂತ ಎಲ್ಲರೂ ತಿಳಿದಿದ್ದಾರೆ. ಸರಿಯಾಗಿ ನೋಡಿದ್ರೆ ಅದು ರಕ್ಷಣೆ ಕೊಟ್ಟಿದ್ದು ಡಾಕ್ಟರಿಗೆ. ತೆಗೀಬಹುದು ಅಂತ ತೀರ್ಮಾನ ಮಾಡೋರು ನೀವು. ಅವಳ ಮಾತಿಗೆ ಬೆಲೆ ಇರೋದು ಒಂದೇ ಕಡೆ, ಒಪ್ಪಿಗೆ. ಅದನ್ನೂ ತಗೊಂಡು ಗಂಡನ ಕೈಗೆ ಕೊಟ್ಟಿದ್ದೀರಿ.”

ಹಾಗಾದರೆ ಎರಡು ವರ್ಷದ ಹಿಂದೆ ಸುಪ್ರೀಂ ಕೋರ್ಟ್, ಗಂಡನಿಗೆ ತಿಳಿಸದೆ ಗರ್ಭ ತೆಗೆಸಿದರೆ ಅದು ಕ್ರೌರ್ಯ ಅಂದಿತಲ್ಲ, ಅದನ್ನು ತೋರಿಸಿಯೇ ನಮ್ಮ ಟ್ರಸ್ಟಿನ ಈಗಿನ ಕಾರ್ಯದರ್ಶಿ ಹೆದರಿಸುವುದು ಎಂದೆ.

“ಅದು ವಿಚ್ಛೇದನದ ಕೇಸು. ವೈದ್ಯಕೀಯ ಕಾರಣ ಇಲ್ಲದೆ ಹಾಗೆ ಮಾಡಿದ್ರೆ ಮಾನಸಿಕ ಕ್ರೌರ್ಯ ಆಗಬಹುದು ಅಂತ ಹೇಳಿದ್ದು. ಗಂಡ ಹೆಂಡ್ತಿ ಮಧ್ಯದ ವ್ಯಾಜ್ಯ. ಡಾಕ್ಟ್ರು ಸಹಿ ಇಸ್ಕೊಳ್ಳಿ ಅಂತ ಯಾರೂ ಹೇಳಿಲ್ಲ. ನಿಮ್ಮ ಹೆಂಗಸಿಗಂತೂ ಕಾರಣ ಎದೆಯೊಳಗೇ ಇದೆ.” ಆಮೇಲೆ ಅವರು ಆ ವರ್ಷವೇ ಬಂದಿದ್ದ ಇನ್ನೊಂದು ತೀರ್ಪಿನ ಪ್ರತಿ ತೆಗೆದರು. ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ, ಬುದ್ಧಿ ಬೆಳವಣಿಗೆ ಕಡಿಮೆಯಿದ್ದ ಒಬ್ಬಳ ಗರ್ಭ ತೆಗೆಸಬೇಕೆಂದು ಆಡಳಿತ ಕೇಳಿತ್ತು. ಅವಳು ಮಗು ಬೇಕು ಅಂದಿದ್ದಳು. ಸುಪ್ರೀಂ ಕೋರ್ಟ್ ಅವಳ ಪರ ನಿಂತಿತು.

“ಅವಳು ಉಳಿಸಿಕೊಳ್ಳಬೇಕು ಅಂದವಳು, ನಮ್ಮವಳು ಬೇಡ ಅನ್ನುವವಳು. ಅದು ಇವಳಿಗೆ ಹೇಗೆ ಅನ್ವಯಿಸುತ್ತೆ?” ಎಂದೆ.

“ಅದೇ ನೋಡಿ. ಹೆರೋದಾ ಬೇಡವಾ ಅನ್ನೋ ತೀರ್ಮಾನ ಸಂವಿಧಾನದ ಇಪ್ಪತ್ತೊಂದನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಒಳಗೇ ಬರುತ್ತೆ ಅಂತ ಹೇಳಿದ್ದಾರೆ. ಬೇಕು ಅಂದ್ರೂ ಮಾತು ಅವಳದೇ, ಬೇಡ ಅಂದ್ರೂ ಮಾತು ಅವಳದೇ.”

ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಗೆ ತಲೆ ಕೊಟ್ಟು ಕುಳಿತಿದ್ದೆ. ಇಷ್ಟು ವರ್ಷ ಕೇಳಿದ ಆ ಸಹಿ ಬೇಕಾಗಿಯೇ ಇರಲಿಲ್ಲ. ಬೇಡದ ಸಹಿಗಾಗಿ ಒಬ್ಬಳು ಸತ್ತಳು, ಒಬ್ಬ ಆಯುಷ್ಯವಿಡೀ ಸುಳ್ಳು ಬರೆದ, ಸತ್ತ ಮೇಲೂ ಬರೆದ. ಇವೆಲ್ಲಾ ನಡೆಯುತ್ತಿದ್ದ ಮನೆಯಲ್ಲಿ ನಾನು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಯಮ್ಮ ಇನ್ನೂ ಬಂದಿರಲಿಲ್ಲ. ಕಾರ್ಯದರ್ಶಿಗೆ ಫೋನು ಮಾಡಿ, ಗಂಡನ ಸಹಿ ಇಲ್ಲದೆ ಮಾಡುತ್ತೇನೆ ಎಂದೆ. “ನಾಳೆ ಅವ್ನು ಬಂದು ಗಾಜು ಒಡೆದ್ರೆ ಯಾರು ಕಟ್ಟಿಕೊಡ್ತಾರೆ ಡಾಕ್ಟ್ರೇ? ಬರೆದು ಕೊಡಿ, ಎಲ್ಲ ನಿಮ್ಮ ಜವಾಬ್ದಾರಿ ಅಂತ,” ಎಂದರು. ಬರೆದು ಕೊಟ್ಟೆ. ಅದು ಅವರ ಫೈಲಿನಲ್ಲಿ ಇವತ್ತಿಗೂ ಇರಬೇಕು. ಅರಿವಳಿಕೆ ಡಾಕ್ಟರನ್ನು ಶನಿವಾರ ಬರಲು ಒಪ್ಪಿಸಿದೆ. ಟೈಪ್ ಮಾಡುವ ಅಂಗಡಿಯಲ್ಲಿ ಕೂತು ಸಿ ಫಾರಂ ನಿಯಮದಲ್ಲಿದ್ದ ಹಾಗೆಯೇ ಹೊಸದಾಗಿ ಮಾಡಿಸಿದೆ. ಎಲ್ಲ ತಯಾರಾಗಿತ್ತು, ಅವಳೊಬ್ಬಳು ಇರಲಿಲ್ಲ.

ಶನಿವಾರ ಹತ್ತು ಗಂಟೆ, ಹನ್ನೊಂದು ಗಂಟೆ. ನಾನು ಕಾರಿಡಾರಿನಲ್ಲಿ ಓಡಾಡಿದೆ. ಪ್ರತಿ ಸಲ ಬೆಂಚು ದಾಟುವಾಗ ಎಡತುದಿಯನ್ನು ನೋಡುತ್ತಿದ್ದೆ. ಅಲ್ಲಿ ಇನ್ನೊಂದು ತಲೆ ಬಂದು ಮಲಗುತ್ತದೆ ಅನ್ನಿಸುತ್ತಿತ್ತು. ಗೇಟಿನ ಹತ್ತಿರ ಯಾವ ಗಾಡಿ ನಿಂತರೂ ಹೋಗಿ ಇಣುಕಿ ನೋಡುತ್ತಿದ್ದೆ.

ಹನ್ನೊಂದೂವರೆಗೆ ಆಯಮ್ಮ ಬಂದಳು, ಕೈಹಿಡಿದುಕೊಂಡು ಮೂವತ್ತೊಂದು. ಅವಳು ಗೌರಿಬಿದನೂರು ದಾಟಿ ನಗರಗೆರೆ ಕಡೆ ದೊಡ್ಡಮ್ಮನ ಮನೆಗೆ ಹೋಗಿದ್ದಳಂತೆ, ಅಲ್ಲಿ ಬೇರು ಕೊಡುವವಳು ಒಬ್ಬಳಿದ್ದಳು. ಸೊಂಟದ ಚೀಲದಲ್ಲಿ ಎಕ್ಕದ ಎಲೆಯಲ್ಲಿ ಸುತ್ತಿದ ಪೊಟ್ಟಣ. ಬಿಚ್ಚಿರಲಿಲ್ಲ.

“ಅಮಾಸೆ ಕಳೀಲಿ ಅಂದ್ಳಂತೆ ಆ ಬೇರಿನೋಳು. ಅಮಾಸೆ ಉಳಿಸ್ತು,” ಅಂದಳು ಆಯಮ್ಮ. ಪೊಟ್ಟಣವನ್ನು ನಾನೇ ಒಲೆಗೆ ಹಾಕಿದೆ.

ಮೂವತ್ತೊಂದರ ಎದುರು ಕೂತು ತಪ್ಪಾಯಿತು ಎಂದು ಹೇಳಿದೆ. ಅವಳಿಗೆ ಮುಜುಗರವಾಯಿತು, ಡಾಕ್ಟರು ಹಾಗೆಲ್ಲ ಹೇಳುತ್ತಾರೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೊಸ ಫಾರಂ ಕೊಟ್ಟು, ಓದಿ ಹೇಳಿ, “ಇಲ್ಲಿ ನಿನ್ನ ಸಹಿ. ಇನ್ಯಾರದೂ ಬೇಡ,” ಎಂದೆ.

ಅವಳು ತಿರುಗಿಸಿ ಹಿಂದುಗಡೆ ನೋಡಿದಳು. “ಬೆಂಚ್ ಮೇಲೆ ಇಡ್ಲಾ?”

“ಬೇಡಮ್ಮ.”

“ತಾತ ಬೇಜಾರ್ ಮಾಡ್ಕೊಳ್ಳಲ್ವಾ?”

ಬಾಗಿಲ ಹತ್ತಿರ ಆಯಮ್ಮ ನಿಂತಿದ್ದಳು. “ಮಾಡ್ಕೊಳ್ಳಲ್ಲ. ಹಾಕು,” ಅಂದಳು.

ಮೂವತ್ತೊಂದು ಬೆಂದ ಬೆರಳುಗಳಲ್ಲಿ ಪೆನ್ನು ಗಟ್ಟಿಯಾಗಿ ಹಿಡಿದು, ಅಕ್ಷರ ಅಕ್ಷರವಾಗಿ ತನ್ನ ಹೆಸರು ಬರೆದಳು. ಒಂದು ಕ್ಷಣ ಯೋಚಿಸಿ, ಹೆಸರಿನ ಕೆಳಗೆ ಒಂದು ಅಡ್ಡಗೆರೆ ಎಳೆದಳು. ಗೆರೆಯ ಕೆಳಗೆ ಎರಡು ಚುಕ್ಕೆ ಇಟ್ಟಳು.

“ಇದು ಯಾಕೆ?” ಎಂದೆ.

“ಇದಿದ್ರೇನೇ ನಡೆಯೋದು ಅಂತ ಹೇಳ್ತಾರಲ್ಲಮ್ಮ.”

ಉಳಿದದ್ದು ನಮ್ಮ ಕೆಲಸ. ತಲೆಯ ಕಡೆ ಎತ್ತರಿಸಿ ಮಲಗಿಸಿದೆವು, ಚಪ್ಪಟೆ ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಸೋಂಕಾಗದಂತೆ ಮೊದಲೇ ಇಂಜೆಕ್ಷನ್. ಪೂರ್ತಿ ಅರಿವಳಿಕೆ ಇಲ್ಲ, ಗರ್ಭಕೋಶದ ಬಾಯಿಯ ಸುತ್ತ ಮಾತ್ರ ಮರಗಟ್ಟುವ ಸೂಜಿ. ಗ್ಲೂಕೋಸ್ ಹನಿ ಲೆಕ್ಕವಿಟ್ಟು, ನೀರು ಹೆಚ್ಚಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ರಕ್ತ ನಿಲ್ಲಲು ಎಲ್ಲರಿಗೂ ಕೊಡುವ ಇಂಜೆಕ್ಷನ್ನನ್ನು ಟ್ರೇಯಿಂದಲೇ ತೆಗೆಸಿದ್ದೆ, ವಾಲ್ವು ಕಿರಿದಾದವರಿಗೆ ಅದು ವಿಷ. ಸಿರಿಂಜಿನಂಥ ಕೈಪಂಪಿನಲ್ಲಿ ಗರ್ಭ ಎಳೆದು ತೆಗೆದದ್ದು ಏಳೆಂಟು ನಿಮಿಷ. ಮಧ್ಯದಲ್ಲಿ ಒಮ್ಮೆ ನಾಡಿ ಏರಿ ಅರಿವಳಿಕೆ ಡಾಕ್ಟರು “ನಿಲ್ಲಿಸಿ” ಎಂದರು. ನಿಲ್ಲಿಸಿದೆ. ಆಯಮ್ಮ ಅವಳ ತಲೆಯ ಹತ್ತಿರ ನಿಂತು ತೆಲುಗಿನಲ್ಲಿ ಏನೋ ಹೇಳುತ್ತಿದ್ದಳು. ನಾಡಿ ಇಳಿಯಿತು. ಮುಗಿಸಿದೆ.

ಅವಳು ಎರಡು ದಿನ ವಾರ್ಡಿನಲ್ಲಿದ್ದು ನಡೆದುಕೊಂಡು ಮನೆಗೆ ಹೋದಳು. ಹಳೆಯ ಲಕೋಟೆಗಳನ್ನು ನಿಯಮದ ಪ್ರಕಾರ ಹಿತ್ತಿಲಲ್ಲಿ ಸುಟ್ಟೆವು. ಆಯಮ್ಮ ಪೆನ್ನನ್ನೂ ಬೆಂಕಿಗೆ ಹಾಕಲು ಹೋದಳು, ನಾನು ಬೇಡ ಎಂದೆ. ತಪಾಸಣೆಗೆ ಬಂದವರಿಗೆ ಬೂದಿ ತೋರಿಸಿದೆ, ಸಹಿಯ ವಿಷಯ ಹೇಳಲಿಲ್ಲ. ಅದು ಸರಿಯಲ್ಲ ಎಂದು ಗೊತ್ತು. ಈಗ ಹೇಳಿದ್ದೇನೆ.

ಎರಡು ತಿಂಗಳಾದ ಮೇಲೆ ಮೂವತ್ತೊಂದು ಮತ್ತೆ ಬಂದಳು. ವಾಲ್ವಿನ ಚಿಕಿತ್ಸೆಗೆ ಬೆಂಗಳೂರಿಗೆ ಪತ್ರ ಬೇಕಿತ್ತು. ಗಂಡ ಇನ್ನೂ ಬಂದಿರಲಿಲ್ಲ. ಪತ್ರ ಬರೆದು, ಮಡಚಿ ಕೊಟ್ಟೆ. ಅವಳು ಅದನ್ನು ರವಿಕೆಯೊಳಗೆ ಇಟ್ಟುಕೊಂಡು ಬಾಗಿಲ ತನಕ ಹೋಗಿ ನಿಂತಳು.

“ಅಮ್ಮ, ಆ ದೊಡ್ಡಾಸ್ಪತ್ರೆನಾಗೂ ಬೆಂಚ್ ಇರ್ತದಾ?”

ಪತ್ರವನ್ನು ವಾಪಸು ಇಸಿದುಕೊಂಡೆ. ಕೆಳಗಡೆ, ‘ಇವರ ಸಹಿಯೊಂದೇ ಸಾಕು’ ಎಂದು ಬರೆದೆ. ಅಷ್ಟು ಸಾಕಾಗುತ್ತದೆ ಎಂಬ ಧೈರ್ಯ ನನಗಿರಲಿಲ್ಲ. ಜೊತೆಗೆ ಆಯಮ್ಮನನ್ನು ಕಳಿಸಿದೆ. ಅವಳು ಪೆನ್ನು ತಗೊಂಡು ಹೋದಳೋ ಇಲ್ಲವೋ ನಾನು ಕೇಳಲಿಲ್ಲ.